ಲಾಭ, ಎರಡು, ಮೂರು

ಗಂಗಾವತಿಯ ಮಾರುಕಟ್ಟೆ ಪ್ರಾಂಗಣದಲ್ಲಿ ನನ್ನ ಹಲ್ಲಿಗೆ ಒಂದು ಕಾಲದಲ್ಲಿದ್ದ ಬೆಲೆಯನ್ನು ಈಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ. ರೈತ ಭತ್ತ ತಂದು ನಮ್ಮ ಅಡತಿ ಅಂಗಡಿಯ, ಅಂದರೆ ದಲ್ಲಾಳಿ ಮಂಡಿಯ, ಮುಂದೆ ರಾಶಿ ಸುರಿದರೆ, ನಾನು ಅದರಲ್ಲಿ ಒಂದು ಕಾಳು ಹೆಕ್ಕಿ ದವಡೆಗೆ ಇಟ್ಟು ಕಡಿಯುತ್ತಿದ್ದೆ. ಕಟಕ್ ಎಂದರೆ ಒಣಗಿದೆ, ತೂಕಕ್ಕೆ ಹಾಕಬಹುದು. ಕಚಕ್ ಎಂದರೆ ನಡುತರ, ಇನ್ನೊಂದಿಷ್ಟು ಬಿಸಿಲು ಬೇಕು. ಸದ್ದೇ ಮಾಡದೆ ಮೆತ್ತಗೆ ಒತ್ತಿಕೊಂಡರೆ ಹಸಿ. ಗಿರಣಿಗೆ ಹಾಕಿದರೆ ಅಕ್ಕಿಯೆಲ್ಲ ನುಚ್ಚು. "ಈಶಪ್ಪನ ಹಲ್ಲು ಹೇಳೇತಿ" ಎಂದರೆ ಮಾತು ಮುಗಿದಂತೆ. ಮರಳಿ ಯಾರೂ ಬಾಯಿ ತೆಗೆಯುತ್ತಿರಲಿಲ್ಲ.

ಬೇರೆ ಅಂಗಡಿಗಳಲ್ಲೂ ಹಲ್ಲುಗಳಿದ್ದವು, ಇರಲಿಲ್ಲ ಎನ್ನುವುದಿಲ್ಲ. ಆದರೆ ಅವು ಮಾಲೀಕನ ಹೊಟ್ಟೆ ನೋಡಿಕೊಂಡು ಮಾತಾಡುತ್ತಿದ್ದವು. ಎಲುಬಿನಂತೆ ಒಣಗಿದ ಭತ್ತಕ್ಕೂ ಹಸಿ ಎಂದು ಹೆಸರಿಟ್ಟು ತೂಕದಲ್ಲಿ ಕಡಿತ ಮಾಡುತ್ತಿದ್ದರು. ರೈತ ಬೈಯುವುದು, ಹಮಾಲರು ನಡುವೆ ಬೀಳುವುದು, ಸುಗ್ಗಿ ಬಂತೆಂದರೆ ಪ್ರಾಂಗಣದಲ್ಲಿ ದಿನಬೆಳಗಾದರೆ ಇದೇ ರಗಳೆ. ಅದರ ನಡುವೆ ನನ್ನ ಹಲ್ಲು ಮಾತ್ರ ಸುಳ್ಳು ಹೇಳುವುದಿಲ್ಲ ಎಂಬ ಹೆಸರಿತ್ತು. ಅಪ್ಪನಿಂದ ಬಂದ ವಿದ್ಯೆ ಅದು. ನನಗೆ ಅದರ ಬಗ್ಗೆ ಸೊಕ್ಕಿತ್ತು, ಈಗಲೂ ಸ್ವಲ್ಪ ಇದೆ.

ಇಂಥ ಹಲ್ಲಿಗೆ ಎದುರಾಗಿ ನಿಂತವಳು ಹೊರಗಿನವಳಲ್ಲ, ನಮ್ಮ ಕಳಕಮ್ಮಕ್ಕನ ಮಗಳು ಶೇಖರಮ್ಮ. ಬಳ್ಳಾರಿಯ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ನಮ್ಮ ಮನೆಯಲ್ಲೇ ಇದ್ದಳು. ಅವಳ ಅಪ್ಪ ಉಮಾಪತಿ, ಅಂದರೆ ನನ್ನ ಭಾವ, ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತ. ಮಗಳನ್ನೂ ಅದೇ ಕಚೇರಿಯಲ್ಲಿ ಟೈಪಿಸ್ಟ್ ಮಾಡಬೇಕೆಂದು ಕಂಡ ಕಂಡ ಸಾಹೇಬರಿಗೆಲ್ಲ ಕೈಮುಗಿಯುತ್ತಿದ್ದ. ಅವನದೂ ತಪ್ಪಲ್ಲ. ಸರ್ಕಾರಿ ಕುರ್ಚಿಯ ಮೇಲೆ ಕೂತವನು ಅದರಷ್ಟು ಗಟ್ಟಿ ಜಾಗ ಲೋಕದಲ್ಲಿ ಇನ್ನೊಂದಿಲ್ಲ ಎಂದುಕೊಂಡಿರುತ್ತಾನೆ.

ಎಂಬತ್ಮೂರರ ಚಳಿಗಾಲದಲ್ಲಿ ಊರಲ್ಲಿ ಡಂಗುರ ಸಾರಿದರು: ಸರ್ಕಾರದವರು ಬರುತ್ತಾರೆ, ಓದಿದವರಿಗೆಲ್ಲ ಉದ್ಯೋಗ, ಎಲ್ಲರೂ ಸರ್ಟಿಫಿಕೇಟು ಹಿಡಿದುಕೊಂಡು ಬರಬೇಕು. ಜನ ಕಿಕ್ಕಿರಿದು ಬಂತು. ಆಗ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲವೂ ರಾಯಚೂರು ಜಿಲ್ಲೆಗೇ ಸೇರಿದ್ದವು. ಅಲ್ಲಿನ ಜಿಲ್ಲಾ ಕೈಗಾರಿಕಾ ಕೇಂದ್ರದಿಂದ ಹೇಮಪ್ಪ ಎಂಬ ಅಧಿಕಾರಿ ಬಂದಿದ್ದರು. ಗಿಡ್ಡ ಆಳು, ಕಂಚಿನ ದನಿ. ಪೆಂಡಾಲಿನ ತುಂಬ ಜನ ನೋಡಿ ಅವರ ಮುಖ ಅರಳಿತು. ಮಾತು ಶುರು ಮಾಡಿದ ಮೇಲೆ ಗೊತ್ತಾಯಿತು, ಅವರು ಬರೆದುಕೊಟ್ಟಿದ್ದು ಉದ್ಯಮ ಎಂದು; ಡಂಗುರದವನು ಅದನ್ನು ಉದ್ಯೋಗ ಮಾಡಿದ್ದ.

"ಇದು ಉದ್ಯೋಗ ಅಲ್ರಿ, ಉದ್ಯಮ," ಎಂದು ಹೇಮಪ್ಪ ಕೈಯೆತ್ತಿ ಹೇಳಿದರು. "ಉದ್ಯೋಗ ಅಂದ್ರ ನಿಮಗ ಯಾರರ ಕೊಡೂದು. ಉದ್ಯಮ ಅಂದ್ರ ನೀವು ನಾಕು ಮಂದಿಗೆ ಕೊಡೂದು. ಹೊಸಾದು ಏನರ ಮಾಡ್ತೀನಿ ಅನ್ನೋರಿಗೆ ಸರ್ಕಾರ ಷೆಡ್ ಕೊಡ್ತೈತಿ, ಕರೆಂಟ್ ಕೊಡ್ತೈತಿ, ಬ್ಯಾಂಕಿಗೆ ನಾನ ಕರಕೊಂಡು ಹೋಗ್ತೀನಿ."

"ಮಂದಿಗೆ ಕೊಡಾಕ ನಮ್ಮ ಹಂತ್ಯಾಕ ಏನೈತ್ರಿ?" ಎಂದು ಹಿಂದಿನಿಂದ ಒಬ್ಬ ಕೂಗಿದ. ಎಲ್ಲರೂ ನಕ್ಕು, ಸರ್ಟಿಫಿಕೇಟು ಸುತ್ತಿಕೊಂಡು ಎದ್ದುಹೋದರು. ಉಳಿದವರು ಮೂರೇ ಜನ: ಶೇಖರಮ್ಮ, ಅವಳ ಜೊತೆಗೆ ಬಂದ ನಾನು, ಜಮಖಾನೆ ಸುತ್ತಲು ಕಾಯುತ್ತಿದ್ದ ಪೆಂಡಾಲಿನವನು. ಬೇರೆ ಅಧಿಕಾರಿಯಾಗಿದ್ದರೆ ಜೀಪು ಹತ್ತುತ್ತಿದ್ದರು. ಹೇಮಪ್ಪ ಒಂದು ಲೋಟ ನೀರು ಕುಡಿದು, ನಮ್ಮ ಮೂವರಿಗೆ ಅದೇ ಭಾಷಣವನ್ನು ಮೊದಲಿನಿಂದ ಶುರು ಮಾಡಿದರು. ದನಿಯನ್ನೂ ಇಳಿಸಲಿಲ್ಲ. ಈ ಮನುಷ್ಯನ ತಲೆ ನೆಟ್ಟಗಿಲ್ಲ ಎಂದುಕೊಂಡೆ. ಅವರ ಮೇಲೆ ನನಗೆ ಪ್ರೀತಿ ಹುಟ್ಟಿದ್ದೂ ಆಗಲೇ ಇರಬೇಕು.

ಭಾಷಣ ಮುಗಿಸಿ ಅವರು ಶೇಖರಮ್ಮನನ್ನು ಕೇಳಿದರು, "ನೀ ಏನ್ ಮಾಡ್ತೀಯವಾ?"

"ನಮ್ಮ ಮಾಮಾನ ಹಲ್ಲು ಮಾಡ್ತೀನ್ರಿ," ಎಂದಳು.

ನಾನು ಬಾಯಿ ಮುಚ್ಚಿಕೊಂಡೆ. ಹೇಮಪ್ಪ ನನ್ನ ಬಾಯಿಯ ಕಡೆಗೇ ನೋಡುತ್ತಿದ್ದರು. ಶೇಖರಮ್ಮ ಬಿಡಿಸಿ ಹೇಳಿದಳು: ತೇವ ಇರುವ ಕಾಳಿನೊಳಗೆ ಕರೆಂಟು ಸಲೀಸಾಗಿ ಹರಿಯುತ್ತದೆ, ಒಣಗಿದ ಕಾಳು ಅದನ್ನು ತಡೆಯುತ್ತದೆ. ಒಂದು ಹಿಡಿ ಭತ್ತವನ್ನು ಹಿತ್ತಾಳೆಯ ಬಟ್ಟಲಲ್ಲಿ ಬಿಗಿಯಾಗಿ ಒತ್ತಿ, ಸಣ್ಣಗೆ ಕರೆಂಟು ಬಿಟ್ಟು ನೋಡಿದರೆ, ಎಷ್ಟು ತೇವ ಇದೆ ಎಂದು ಮುಳ್ಳು ತೋರಿಸುತ್ತದೆ. ಮುಂಬೈಯಿಂದ ಅಂಥ ಮೀಟರುಗಳು ಬರುತ್ತಿದ್ದವು. ಅವು ಗೋಧಿಗೆ ಒಗ್ಗಿದ್ದವು. ನಮ್ಮ ಸೋನಾ, ಮಸೂರಿಗೆ ಇಟ್ಟರೆ, ಅದರಲ್ಲೂ ನಮ್ಮ ಬೇಸಿಗೆಯ ಬಿಸಿಲಲ್ಲಿ, ಬಾಯಿಗೆ ಬಂದದ್ದು ಹೇಳುತ್ತಿದ್ದವು.

"ಮುಳ್ಳಿಗೆ ಯಾರ ಅಂಗಡಿ ಅಂತ ಗೊತ್ತಿರೂದಿಲ್ರಿ," ಎಂದಳು. "ರೈತಗ ತಾನ ನೋಡಾಕ ಬರ್ತೈತಿ."

ಹೇಮಪ್ಪ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. "ಇದನ್ನ ಕೇಳಾಕ ಕುಷ್ಟಗಿ, ಯಲಬುರ್ಗಾ ಎಲ್ಲಾ ತಿರುಗಿ ಬಂದೇನಿ ನಾನು," ಎಂದರು.

ಅಲ್ಲಿಂದ ಮುಂದೆ ನಮ್ಮ ಮನೆಯ ಪಡಸಾಲೆ ಕಾರ್ಖಾನೆಯಾಯಿತು. ಕೆಟ್ಟ ರೇಡಿಯೋ ಒಂದರ ಕಟ್ಟಿಗೆ ಪೆಟ್ಟಿಗೆ, ಲೇತು ಮಷೀನಿನ ಜಿಲಾನಸಾಬ ಕಡೆದುಕೊಟ್ಟ ಹಿತ್ತಾಳೆಯ ಬಟ್ಟಲು, ಅದಕ್ಕೊಂದು ಒತ್ತುವ ತಿರುಪು. ಹೇಮಪ್ಪ ಬಂದಾಗಲೆಲ್ಲ ಚೀಲದಲ್ಲಿ ಏನಾದರೂ ಇರುತ್ತಿತ್ತು. ಒಮ್ಮೆ ಬೆಂಗಳೂರಿನಿಂದ ತರಿಸಿದ ಸೂಜಿಮುಳ್ಳು, ಒಮ್ಮೆ ಯಾವುದೋ ಸಂಸ್ಥೆಯವರಿಂದ ಬೇಡಿ ತಂದ ಪುಸ್ತಕ. ಆನೆಗೊಂದಿಯಲ್ಲಿ ಬಾಳೆದಿಂಡಿನ ನಾರು ಬಿಡಿಸುವ ಯಂತ್ರ ಮಾಡುತ್ತೇನೆಂದ ಒಬ್ಬನಿಗೂ, ಕೊಪ್ಪಳದಲ್ಲಿ ಪಂಪಿನ ಬಿಡಿಭಾಗ ಎರಕ ಹೊಯ್ಯುತ್ತೇನೆಂದ ಇನ್ನೊಬ್ಬನಿಗೂ ಅವರು ಹೀಗೇ ಬೆನ್ನು ಹತ್ತಿದ್ದರು. ಬಸ್ಸಿನಲ್ಲಿ ನಿಂತೇ ಬರುತ್ತಿದ್ದರು, ಬಂದವರು ಊಟಕ್ಕೆ ಏಳೆಂದರೆ ಏಳುತ್ತಿರಲಿಲ್ಲ. ಸರ್ಕಾರ ಎಂದರೆ ಮೊಹರು, ಕೆಂಪು ದಾರ ಎಂದು ತಿಳಿದಿದ್ದ ನನಗೆ, ಬೆವರಿದ ಅಂಗಿಯ ಸರ್ಕಾರ ಕಂಡದ್ದು ಅದೇ ಮೊದಲು.

ಮುಳ್ಳಿಗೆ ಗುರುತು ಹಾಕಬೇಕಲ್ಲ, ಅದಕ್ಕೆ ನನ್ನ ಹಲ್ಲೇ ಬೇಕಾಯಿತು. ನಾನು ಕಾಳು ಕಡಿದು ಕಟಕ್ ಎಂದರೆ ಅಲ್ಲೊಂದು ಗೆರೆ, ಕಚಕ್ ಎಂದರೆ ಇಲ್ಲೊಂದು ಗೆರೆ. ಆಮೇಲೆ ಅದೇ ಭತ್ತವನ್ನು ಹಂಚಿನ ಮೇಲೆ ಒಣಗಿಸಿ, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ, ಆ ಗೆರೆಗಳಿಗೆ ಅಂಕಿ ಬರೆದಳು. ನನ್ನ ಕುತ್ತಿಗೆಗೆ ನಾನೇ ಹಗ್ಗ ಹೊಸೆದುಕೊಟ್ಟ ಹಾಗೆ! ಯಂತ್ರ ಗೆದ್ದರೆ ಈಶಪ್ಪನ ಹಲ್ಲನ್ನು ಕೇಳುವವರು ಯಾರು? ಒಳಗೊಳಗೇ ಉರಿಯುತ್ತಿತ್ತು. ಆದರೆ ಅವಳು ಉಪ್ಪಿಟ್ಟು ಆರಿಹೋಗುವವರೆಗೂ ತಲೆಯೆತ್ತದೆ ತಂತಿ ಬೆಸೆಯುವುದನ್ನು ಕಂಡರೆ, ಗೆಲ್ಲಲಿ ಎಂದೂ ಅನ್ನಿಸುತ್ತಿತ್ತು.

ಹೇಮಪ್ಪ ಓಡಾಡಿ ಒಂದು ಮಾತು ಗಟ್ಟಿ ಮಾಡಿಕೊಂಡು ಬಂದರು. ಬೆಂಗಳೂರಿನಿಂದ ಪರೀಕ್ಷಕರೊಬ್ಬರು ಬರುತ್ತಾರೆ, ಪ್ರಾಂಗಣದಲ್ಲಿ ಎಲ್ಲರೆದುರು ಯಂತ್ರವನ್ನು ಪರೀಕ್ಷಿಸುತ್ತಾರೆ. ಪಾಸಾದರೆ ಊರ ಹೊರಗಿನ ಕೈಗಾರಿಕಾ ವಸಾಹತಿನಲ್ಲಿ ಶೇಖರಮ್ಮನಿಗೆ ಒಂದು ಷೆಡ್ಡು, ಸರ್ಕಾರದ ಭತ್ತ ಖರೀದಿ ಕೇಂದ್ರಗಳಿಗೆ ಅವಳದೇ ಯಂತ್ರ. ಆಗದಿದ್ದರೆ ಷೆಡ್ಡು ಸರದಿಯಲ್ಲಿದ್ದ ಇನ್ನೊಬ್ಬರಿಗೆ ಹೋಗುತ್ತದೆ.

ಅದೇ ವೇಳೆಗೆ ಮುನಿರಾಬಾದಿನಿಂದ ಉಮಾಪತಿಯೂ ಬಂದ. ಟೈಪಿಸ್ಟ್ ಕೆಲಸ ಕುದುರಿತ್ತು.

"ಪರೀಕ್ಷಿ ಪಾಸಾದ್ರ ನಿನ್ನ ದಾರಿ ನಿಂದು, ನಾ ಅಡ್ಡ ಬರೂದಿಲ್ಲ," ಎಂದ ಮಗಳಿಗೆ. "ಇಲ್ಲಂದ್ರ ಸುಮ್ನ ಬಂದು ಕುರ್ಚಿ ಮ್ಯಾಲ ಕುಂದ್ರಬೇಕು. ಈ ನಷ್ಟದ ಉಸಾಬರಿ ಮತ್ತ ನನ್ನ ಮುಂದ ತಗೀಬಾರದು."

"ಆಗಲೆಪ್ಪಾ," ಎಂದಳು ಶೇಖರಮ್ಮ. ಮಾತಿಗೆ ತಪ್ಪುವ ಹುಡುಗಿಯಲ್ಲ ಅವಳು. ನನಗೆ ಹೆದರಿಕೆಯಾದದ್ದು ಅದಕ್ಕೇ.

ಬೇಸಿಗೆ ಬೆಳೆಯ ಸುಗ್ಗಿಯಲ್ಲಿ ಪರೀಕ್ಷಕ ಸಾಹೇಬರು ಬಂದರು. ಹಣೆಯ ಮೇಲೆ ಅಚ್ಚುಕಟ್ಟಾದ ನಾಮ, ಮೃದು ಮಾತು. ಬೆಂಗಳೂರಲ್ಲೇ ಹುಟ್ಟಿ ಬೆಳೆದವರು, ಮನೆಗೆ ಅಕ್ಕಿ ಬರುವುದು ಅಂಗಡಿಯಿಂದ. ಜೊತೆಗೆ ಒಂದು ಕರೆಂಟಿನ ಒಲೆ ತಂದಿದ್ದರು. ಭತ್ತವನ್ನು ತೂಗಿ, ಅದರೊಳಗೆ ಒಣಗಿಸಿ, ಮತ್ತೆ ತೂಗಿದರೆ ಎಷ್ಟು ನೀರು ಹೋಯಿತೆಂದು ಖಚಿತವಾಗಿ ಗೊತ್ತಾಗುತ್ತದೆ. ಆ ಲೆಕ್ಕಕ್ಕೆ ಯಂತ್ರದ ಲೆಕ್ಕ ಕೂಡಬೇಕು. ನನ್ನ ಹಲ್ಲೂ ಪರೀಕ್ಷೆಗೆ ನಿಲ್ಲಲಿ ಎಂದು ವ್ಯಾಪಾರಿಗಳು ಹಟ ಹಿಡಿದರು. ನಾನು ಮೀಸೆ ತಿರುವಿ ಒಪ್ಪಿಕೊಂಡೆ.

ನಮ್ಮ ಅಂಗಡಿಯ ಮುಂದೆ ಎಂಟು ರಾಶಿಗಳನ್ನು ಸಾಹೇಬರೇ ಆರಿಸಿದರು. ಯಂತ್ರಕ್ಕೆ ಸುಲಭವಾಗಬಾರದೆಂದು, ರೈತರನ್ನು ಗುಟ್ಟಾಗಿ ಕೇಳಿ, ಒಣಗಿದ್ದರ ಪಕ್ಕಕ್ಕೆ ಹಸಿಯದು, ಹಸಿಯದರ ಪಕ್ಕಕ್ಕೆ ಒಣಗಿದ್ದು ಬರುವಂತೆ ಸಾಲು ಮಾಡಿದ್ದರು. ನಮ್ಮ ಅಂಗಡಿಯಲ್ಲಿ ಭತ್ತ ಅಳೆಯುವ ಬಾಬಾಸಾಬ ಒಂದೊಂದು ರಾಶಿಯಿಂದ ಒಂದೊಂದು ಡಬ್ಬಿ ತುಂಬಿ, ಕೂಗಿ, ಸಾಹೇಬರ ಮೇಜಿಗೆ ಕೊಡಬೇಕು. ಅವರು ಮುಚ್ಚಳ ಹಾಕಿ ನಂಬರಿನ ಚೀಟಿ ಅಂಟಿಸಬೇಕು. ಅದೇ ರಾಶಿಯಿಂದ ನಾನು ಕಾಳು ಕಡಿಯುವುದು, ಶೇಖರಮ್ಮ ಒಂದು ಹಿಡಿ ಬಟ್ಟಲಿಗೆ ಹಾಕುವುದು. ನಮ್ಮಿಬ್ಬರ ಮಾತನ್ನು ಹೇಮಪ್ಪ ಬರೆದುಕೊಳ್ಳುವುದು.

ಬಾಬಾಸಾಬನ ದನಿ ಅಂದರೆ ಪ್ರಾಂಗಣದ ಆ ಕಡೆಯ ಗೇಟಿಗೂ ಕೇಳಬೇಕು. ಡಬ್ಬಿ ತುಂಬಿ ಎತ್ತಿ ಹಿಡಿದು, "ಲಾಭಾ...!" ಎಂದ. ಸಾಹೇಬರು ಎದ್ದು ನಿಂತು, ಎರಡೂ ಕೈಯಲ್ಲಿ ಡಬ್ಬಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡರು. ದೊಡ್ಡ ಮನುಷ್ಯರು, ಅನ್ನಕ್ಕೆ ಎಷ್ಟು ಮರ್ಯಾದೆ ಕೊಡುತ್ತಾರೆ ಎಂದುಕೊಂಡೆ ನಾನು. ಆಮೇಲೆ ಗದ್ದಲವೋ ಗದ್ದಲ. ಟ್ರ್ಯಾಕ್ಟರುಗಳ ಸದ್ದು, ನೋಡಲು ನುಗ್ಗುವ ಜನ. ನನ್ನ ಕಣ್ಣೆಲ್ಲ ಮುಳ್ಳಿನ ಮೇಲೆ.

ನಾನು ಒಣ ಎಂದಲ್ಲಿ ಮುಳ್ಳೂ ಒಣ ಎಂದಿತು, ಹಸಿ ಎಂದಲ್ಲಿ ಹಸಿ. ಐದನೆಯ ರಾಶಿಯಲ್ಲಿ ಮಾತ್ರ ಜಗಳ ಬಿತ್ತು. ಅದು ಹೇಮಗುಡ್ಡದ ಕಡೆಯ ಹುಲಿಗವ್ವನ ಭತ್ತ. ನನ್ನ ಹಲ್ಲಿಗೆ ಕಟಕ್ ಎಂದಿತು. ಮುಳ್ಳು ನಡುತರಕ್ಕೆ ಹೋಗಿ ನಿಂತಿತು.

"ಯಂತ್ರದ ಹಲ್ಲು ಹುಳುಕ ಐತಿ!" ಎಂದು ಯಾರೋ ಕೂಗಿದರು. ಜನ ಹೋ ಎಂದು ನಕ್ಕರು. ಶೇಖರಮ್ಮ ಬಟ್ಟಲು ಒರೆಸಿ ಇನ್ನೊಂದು ಹಿಡಿ ಹಾಕಿದಳು. ಮತ್ತೆ ನಡುತರ. "ಹಂಗ ಬರಕೊಳ್ರಿ," ಎಂದಳು ಹೇಮಪ್ಪನವರಿಗೆ. ನಾನೂ ನಕ್ಕಿದ್ದೆ, ಸುಳ್ಳು ಯಾಕೆ ಹೇಳಲಿ.

ಕೊನೆಗೆ ಸಾಹೇಬರು ತಮ್ಮ ಡಬ್ಬಿಗಳನ್ನು ಎಣಿಸಿ, "ಒಂದು ಕಮ್ಮಿ ಬಿದ್ದಿದೆ, ಇನ್ನೊಂದು ಕೊಡಿ," ಎಂದರು. ಬಾಬಾಸಾಬ ಆಗ ಕೊನೆಯ ರಾಶಿಯ ಹತ್ತಿರವೇ ನಿಂತಿದ್ದ. ಅದರಿಂದಲೇ ಮತ್ತೊಂದು ಡಬ್ಬಿ ತುಂಬಿ ಕೊಟ್ಟ. ಯಾರೂ ಏನೂ ಅಂದುಕೊಳ್ಳಲಿಲ್ಲ.

ಮರುದಿನ ಇಳಿಹೊತ್ತಿನಲ್ಲಿ ಸಾಹೇಬರು ಫಲಿತಾಂಶ ಓದಿದರು. ಒಂದನೆಯದಕ್ಕೆ ನಾವು ಒಣ ಎಂದಿದ್ದೆವು, ಒಲೆ ಹಸಿ ಎಂದಿತು. ಎರಡನೆಯದು ಹಸಿ ಎಂದಿದ್ದೆವು, ಒಲೆ ಒಣ ಎಂದಿತು. ಮೂರನೆಯದೂ ಹೀಗೇ ತಿರುಗುಮುರುಗು, ನಾಲ್ಕನೆಯ ಹಸಿಗೆ ಒಲೆ ನಡುತರ ಎಂದಿತು. ಓದುತ್ತ ಹೋದ ಹಾಗೆ ಸಾಹೇಬರ ದನಿಯೇ ಇಳಿಯಿತು. ಎಂಟನೆಯದೊಂದು ಮಾತ್ರ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿತು.

"ಕ್ಷಮಿಸಬೇಕಮ್ಮ," ಎಂದರು ಅವರು. "ಎಂಟರಲ್ಲಿ ಒಂದು ಸರಿ ಬಂದರೆ ನಾನು ಪಾಸು ಅಂತ ಬರೆಯೋ ಹಾಗಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಹಲ್ಲಿನ ಲೆಕ್ಕಾನೂ ಹೀಗೇ ಇದೆ," ಎಂದರು.

ವ್ಯಾಪಾರಿಗಳು ಚಪ್ಪಾಳೆ ತಟ್ಟಿ ನಕ್ಕರು. ನನ್ನ ಮೈಯೆಲ್ಲ ಕೆಂಡವಾಯಿತು. ಶೇಖರಮ್ಮ ತಿರುಪು ಬಿಚ್ಚಿ, ಬಟ್ಟಲನ್ನು ಸೆರಗಿನಿಂದ ಒರೆಸಿ, ಪೆಟ್ಟಿಗೆಯೊಳಗೆ ಇಟ್ಟಳು. ಉಮಾಪತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳ ಸಾಮಾನಿನ ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡು, "ನಡಿಯವಾ, ಬಸ್ಸು ಸಿಗೂದಿಲ್ಲ," ಎಂದ. ಹೇಮಪ್ಪ ಅಲ್ಲೇ ಖಾಲಿ ಚೀಲಗಳ ಮೇಲೆ ಕೂತು ತಾವು ಬರೆದುಕೊಂಡ ಹಾಳೆ, ಒಲೆಯ ಲೆಕ್ಕದ ಹಾಳೆ ಎರಡನ್ನೂ ತೊಡೆಯ ಮೇಲೆ ಹಾಸಿಕೊಂಡು ನೋಡುತ್ತಿದ್ದರು.

ನಾನು ಅಂಗಡಿಯೊಳಗೆ ಹೋಗಿ ಗಾದಿಯ ಮೇಲೆ ಕೂತೆ. ಯಂತ್ರ ತಪ್ಪಬಹುದು, ಒಪ್ಪುತ್ತೇನೆ. ತಂತಿ ಸಡಿಲಾಗಿರಬಹುದು. ಆದರೆ ನನ್ನ ಹಲ್ಲು? ಹಸಿ ಭತ್ತವನ್ನು ಒಣ ಎನ್ನುವಷ್ಟು ಕೆಟ್ಟಿತೇ ನನ್ನ ದವಡೆ? ಅದೂ ಒಂದಲ್ಲ, ಏಳು! ಇನ್ನೊಂದು ವಿಚಾರ ತಲೆಗೆ ಹೊಕ್ಕಿತು. ಹಲ್ಲು, ಯಂತ್ರ ಎರಡೂ ಕೆಟ್ಟಿದ್ದರೆ ಬೇರೆ ಬೇರೆ ಥರ ಕೆಡಬೇಕಿತ್ತು. ಐದನೆಯದೊಂದು ಬಿಟ್ಟರೆ ಎರಡೂ ಒಂದೇ ಥರ ತಪ್ಪು ಹೇಳಿದ್ದು ಹೇಗೆ?

ದೀಪ ಹಚ್ಚುವ ಹೊತ್ತಾಗಿತ್ತು. ಮನಸ್ಸಿಲ್ಲದ ಮನಸ್ಸಿನಿಂದ ಎದ್ದು ಲಕ್ಷ್ಮಿಯ ಪಟದ ಮುಂದೆ ಊದುಕಡ್ಡಿ ಹಚ್ಚಿದೆ. ಪಟದ ಮುಂದೆ ಭತ್ತ ತುಂಬಿದ ಒಂದು ಡಬ್ಬಿ ಇತ್ತು. ಬೆಳಿಗ್ಗೆಯೂ ಇತ್ತು; ಯಾರೋ ಊದುಕಡ್ಡಿ ಸಿಗಿಸಲು ಇಟ್ಟಿದ್ದಾರೆಂದು ಅದರಲ್ಲೇ ಸಿಗಿಸಿದ್ದೆ. ಈಗಲೂ ಸಿಗಿಸಲು ಹೋದವನ ಕೈ ನಿಂತಿತು. ನಮ್ಮ ಡಬ್ಬಿಯಲ್ಲ ಅದು. ಸಾಹೇಬರ ಡಬ್ಬಿ. ಅದರ ಮೇಲೆ ಚೀಟಿ ಇರಲಿಲ್ಲ.

"ಬಾಬಾಸಾಬ! ಈ ಡಬ್ಬಿ ಇಲ್ಲಿ ಯಾರಿಟ್ರು?"

"ಸಾಹೇಬ್ರ ಇಟ್ರಲ್ರಿ. ನಿನ್ನಿ ಮೊದಲನೇದ್ದು ಕೊಟ್ಟ ಕೂಡ್ಲೆ ಕಣ್ಣಿಗೆ ಒತ್ತಿಕೊಂಡು ಸೀದಾ ಒಳಗ ಬಂದು ದೇವರ ಮುಂದ ಇಟ್ರು. ನನಗೂ ಭಾಳ ಛಲೋ ಅನ್ನಿಸ್ತು."

ಮೊದಲ ಅಳತೆಗೆ ನಾವು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಲಾಭ, ಎರಡು, ಮೂರು. ಹುಟ್ಟಿದಾಗಿನಿಂದ ಕೇಳಿದ ಎಣಿಕೆ. ಅದು ಇನ್ನೊಬ್ಬರಿಗೆ ಎಣಿಕೆಯೇ ಅಲ್ಲದಿರಬಹುದು ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಬಾಬಾಸಾಬನ ಮುಂದಿನ ಕೂಗುಗಳು ಟ್ರ್ಯಾಕ್ಟರುಗಳ ಸದ್ದಿನಲ್ಲಿ ಮುಳುಗಿದ್ದವು. ಸಾಹೇಬರು ಮೊದಲನೆಯದನ್ನು ಲಕ್ಷ್ಮಿಯ ಪಾಲು ಎಂದುಕೊಂಡು, ಎರಡನೆಯ ಡಬ್ಬಿಗೆ ಒಂದನೆಯ ಚೀಟಿ ಅಂಟಿಸಿದ್ದರು!

ಡಬ್ಬಿಯನ್ನು ಊದುಕಡ್ಡಿಯ ಸಮೇತ ಎತ್ತಿಕೊಂಡು ಓಡಿದೆ. ಹಿಂದೆ ಬಾಬಾಸಾಬ. ಖಾಲಿ ಚೀಲಗಳ ಮೇಲಿದ್ದ ಹೇಮಪ್ಪನವರ ರಟ್ಟೆ ಹಿಡಿದು ಎಬ್ಬಿಸಿ ಅವರನ್ನೂ ಓಡಿಸಿದೆ. ಸಾಹೇಬರು ಬಸ್‌ಸ್ಟ್ಯಾಂಡಿನ ಖಾನಾವಳಿಯಲ್ಲಿ ಜೋಳದ ರೊಟ್ಟಿ ಮುರಿಯಲು ಒದ್ದಾಡುತ್ತಿದ್ದರು. ಹೊಸಪೇಟೆಯ ಬಸ್ಸು ಇನ್ನೂ ಬಂದಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ, ಅದೇ ಬಸ್ಸಿಗೆ ಕಾಯುತ್ತ, ಉಮಾಪತಿ, ಶೇಖರಮ್ಮ ಕೂತಿದ್ದರು. ಅವರನ್ನೂ ಒಳಗೆ ಕರೆದೆ.

"ಸಾಹೇಬ್ರ, ಇದನ್ನ ಯಾಕ ದೇವರ ಮುಂದ ಇಟ್ರಿ?"

ಹೊಗೆಯಾಡುವ ಡಬ್ಬಿಯನ್ನು ನೋಡಿ ಅವರು ಗಾಬರಿಯಾದರು. "ತಪ್ಪಾಯ್ತೇ? ಇವರು ಲಾಭ ಅಂದ್ರಲ್ಲ, ಮೊದಲನೇದು ದೇವರಿಗೆ ಅಂತ ಭಕ್ತಿಯಿಂದ ಇಟ್ಟೆ. ನಿಮ್ಮ ಪದ್ಧತಿ ಮುರೀಬಾರದು ಅಂತ."

"ಲಾಭ ಅಂದ್ರ ಒಂದು, ಸಾಹೇಬ್ರ!" ಎಂದು ಬಾಬಾಸಾಬ ಹಣೆ ಚಚ್ಚಿಕೊಂಡ.

ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆದ ಮೇಲೆ ರೊಟ್ಟಿ ಬಿಟ್ಟು ಕೈ ತೊಳೆದು ಬಂದರು. ಹೇಮಪ್ಪ ಎರಡೂ ಹಾಳೆಗಳನ್ನು ಮೇಜಿನ ಮೇಲೆ ಹಾಸಿ, ಒಲೆಯ ಹಾಳೆಯನ್ನು ಒಂದು ಗೆರೆ ಕೆಳಗೆ ಸರಿಸಿದರು. ಎರಡನೆಯ ರಾಶಿಗೆ ಒಂದನೆಯ ಚೀಟಿ. ಮೂರಕ್ಕೆ ಎರಡು. ಸಾಹೇಬರು ಒಂದೊಂದನ್ನೇ ಓದಿದರು. ಮುಳ್ಳಿನ ಅಂಕಿ, ಒಲೆಯ ಅಂಕಿ, ಅವಳಿ ಮಕ್ಕಳ ಹಾಗೆ ಅಕ್ಕಪಕ್ಕ ಬಂದು ನಿಂತವು. ಕೊನೆಯ ರಾಶಿಯ ಎರಡು ಡಬ್ಬಿಗಳೂ ಒಂದೇ ಲೆಕ್ಕ ಹೇಳಿದ್ದವು.

ಐದನೆಯ ರಾಶಿ ಬಂದಾಗ ಸಾಹೇಬರು ತಡೆದರು. "ಇಲ್ಲಿ ಒಲೆ ನಡುತರ ಅನ್ನುತ್ತೆ. ಯಂತ್ರಾನೂ ನಡುತರ. ಈಶಪ್ಪನವರೇ, ನೀವು ಒಣ ಅಂದಿದ್ದೀರಿ."

ಎಲ್ಲರೂ ನನ್ನನ್ನೇ ನೋಡಿದರು. ಹಲ್ಲಿನ ಮಾನ ಉಳಿಸಲು ಓಡಿ ಬಂದವನು ನಾನು. ಉಳಿದದ್ದು ಯಂತ್ರದ ಮಾನ. ಒಂದು ಗಳಿಗೆ ನನಗೆ ಎಷ್ಟು ಸಂಕಟವಾಯಿತೆಂದರೆ, ಆ ಡಬ್ಬಿ ದೇವರ ಮುಂದೆಯೇ ಇರಬಾರದಿತ್ತೇ ಎನ್ನಿಸಿತು. ಆಮೇಲೆ ಶೇಖರಮ್ಮನ ಮುಖ ಕಂಡಿತು. ಗೆದ್ದೆ ಎಂಬ ಕಳೆ ಅದರಲ್ಲಿರಲಿಲ್ಲ, ಮಾಮಾನಿಗೆ ಏನಾಗುತ್ತದೋ ಎಂಬ ಚಿಂತೆ ಇತ್ತು.

"ಹಲ್ಲು ತಪ್ಪೇತಿ," ಎಂದೆ. "ಬರಕೊಳ್ರಿ."

ಸಾಹೇಬರು ಅಲ್ಲೇ ಪಾಸು ಎಂದು ಬರೆಯಬಹುದಿತ್ತು. ಹೇಮಪ್ಪನವರೇ ಬೇಡವೆಂದರು. "ನಾಕು ಮಂದಿ ಮುಂದ ಬಿದ್ದೈತಿ, ನಾಕು ಮಂದಿ ಮುಂದ ಏಳಬೇಕ್ರಿ. ನಾಳೆ ಮತ್ತೊಮ್ಮೆ ಮಾಡೂಣು." ಅಷ್ಟರಲ್ಲಿ ಬಸ್ಸು ಬಂತು. ಯಾರೂ ಹತ್ತಲಿಲ್ಲ. ಮಗಳ ಮದುವೆ ಮಾತುಕತೆಗೂ ರಜೆ ಹಾಕಲು ಹಿಂದೆಮುಂದೆ ನೋಡುವ ಉಮಾಪತಿ, "ಇನ್ನೊಂದು ದಿನ ರಜಾ ಆದ್ರ ಆಗಲಿ," ಎಂದು ಚೀಲವನ್ನು ಹೆಗಲಿಂದ ಇಳಿಸಿದ.

ಮರುದಿನ ಹೊಸ ಎಂಟು ರಾಶಿ. ಗೊಂದಲ ಬೇಡವೆಂದು ಸಾಹೇಬರು ಬಾಬಾಸಾಬನಿಗೆ, "ಇವತ್ತು ದಯವಿಟ್ಟು ಒಂದು ಅನ್ನಿ," ಎಂದರು. ಬಾಬಾಸಾಬ ಡಬ್ಬಿ ತುಂಬಿ ಎತ್ತಿ ಹಿಡಿದ. ಬಾಯಿ ತೆರೆದ. ದನಿ ಹೊರಡಲಿಲ್ಲ.

"ಅದ ಹೆಂಗನ್ಲಿರಿ, ಸಾಹೇಬ್ರ? ಇಷ್ಟು ವರ್ಸಾತು ಅಳ್ಯಾಕ ಹತ್ತಿ, 'ಒಂದು' ಅಂದಾಂವಲ್ಲ ನಾನು. ನಾಲಗಿ ಹೊಳ್ಳವಲ್ದು."

ಪ್ರಾಂಗಣವೆಲ್ಲ ನಕ್ಕಿತು. ಸಾಹೇಬರೂ ನಕ್ಕು, ಮೊದಲ ಚೀಟಿಯ ಮೇಲಿನ ಅಂಕಿ ಹೊಡೆದುಹಾಕಿ, ದಪ್ಪ ಅಕ್ಷರಗಳಲ್ಲಿ ಲಾಭ ಎಂದು ತಾವೇ ಬರೆದರು. "ಈಗ ಕೂಗಿ," ಎಂದರು. ಬಾಬಾಸಾಬ ಕೂಗಿದ್ದು ಆನೆಗೊಂದಿಗೂ ಕೇಳಿರಬೇಕು.

ಒಲೆಯ ಲೆಕ್ಕ ಬಂದಾಗ ಆ ಸಲ ಎಂಟಕ್ಕೆ ಎಂಟೂ ಕೂಡಿದವು. ಜನರ ಗುಂಪಿನಲ್ಲಿ ಹುಲಿಗವ್ವ ಇದ್ದಳು. ಮೊದಲ ಪರೀಕ್ಷೆಯ ಐದನೆಯ ರಾಶಿಯ ಕಥೆ ಅವಳೇ ಹೇಳಿದಳು. ಅವಳದು ಎರಡು ತುಂಡು ಹೊಲ, ಒಂದರ ಕೊಯ್ಲು ಮೊದಲಾಗಿತ್ತು, ಇನ್ನೊಂದರದು ತಡವಾಗಿತ್ತು. ಎರಡನ್ನೂ ಒಂದೇ ಟ್ರೈಲರಿಗೆ ತುಂಬಿ ತಂದಿದ್ದಳು. ನನ್ನ ಹಲ್ಲಿಗೆ ಸಿಕ್ಕಿದ್ದು ಒಣಗಿದ ಕಾಳು. ಬಟ್ಟಲಿಗೆ ಬಿದ್ದದ್ದು ಒಂದು ಹಿಡಿ, ಎರಡೂ ಹೊಲದ್ದು.

ನಾನು ಚೀಲಗಳ ಅಟ್ಟಿಯ ಮೇಲೆ ಹತ್ತಿ ನಿಂತೆ. "ಕೇಳ್ರಿ ಎಲ್ಲಾರು! ನನ್ನ ಹಲ್ಲು ಸುಳ್ಳು ಹೇಳಿಲ್ಲ. ಅದಕ್ಕ ಒಂದು ಕಾಳಿನ ಸುದ್ದಿ ಅಷ್ಟ ಗೊತ್ತು. ಈ ಹುಡುಗಿ ಯಂತ್ರಕ್ಕ ಒಂದು ಹಿಡಿದ್ದು ಗೊತ್ತಾಗ್ತೈತಿ. ನಾಳಿಂದ ನನ್ನ ಅಂಗಡ್ಯಾಗ ಯಂತ್ರ ಹೇಳಿದ್ದ ಖರೆ. ನಿಮ್ಮ ನಿಮ್ಮ ಹಲ್ಲು ಇನ್ನ ಊಟಕ್ಕ ಇಟಗೋರಿ!" ನಕ್ಕವರಲ್ಲಿ ಮೊದಲಿನವರು ರೈತರು. ಆ ನಗು ಕೇಳಿ ನನ್ನ ಎದೆಯ ಮೇಲಿನ ಭಾರ ಇಳಿಯಿತು.

ದೀಪಾವಳಿಯ ಆಸುಪಾಸಿನಲ್ಲಿ ಷೆಡ್ಡಿನಿಂದ ಮೊದಲ ಯಂತ್ರಗಳು ಹೊರಟವು. ಸಿಮೆಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಒಳಗೆ ಖೈರುನಬಿ, ಭೀಮಕ್ಕ, ಇನ್ನೂ ನಾಲ್ಕಾರು ಹೆಣ್ಣುಮಕ್ಕಳು ತಂತಿ ಬೆಸೆಯುವುದನ್ನು ಕಲಿತಿದ್ದರು. ಪೆಂಡಾಲಿನಿಂದ ನಕ್ಕು ಎದ್ದುಹೋಗಿದ್ದ ಒಬ್ಬ ಈಗ ಅಲ್ಲಿ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತಿದ್ದ. ಹೇಮಪ್ಪ ಬಾಗಿಲಲ್ಲಿ ನಿಂತು, ಬಂದ ಬಂದವರಿಗೆ ಉದ್ಯೋಗಕ್ಕೂ ಉದ್ಯಮಕ್ಕೂ ಇರುವ ವ್ಯತ್ಯಾಸ ಹೇಳುತ್ತಿದ್ದರು. ನಾನು ಆ ಮಾತನ್ನು ಎಷ್ಟು ಸಲ ಕೇಳಿದ್ದೇನೋ, ಅವತ್ತು ಮಾತ್ರ ಬೇಸರವಾಗಲಿಲ್ಲ. ಖಾಲಿ ಪೆಂಡಾಲಿಗೆ ಭಾಷಣ ಮಾಡಿದ ಆ ಮನುಷ್ಯನ ಕಾಲು ಮುಟ್ಟಬೇಕೆನ್ನಿಸಿತ್ತು. ವಯಸ್ಸಿನಲ್ಲಿ ಚಿಕ್ಕವರೆಂದು ಸುಮ್ಮನಾದೆ.

ಯಂತ್ರಗಳನ್ನು ಒಪ್ಪಿಸಿಕೊಳ್ಳಲು ಅದೇ ನಾಮದ ಸಾಹೇಬರು ಬಂದಿದ್ದರು. ಟೆಂಪೋದ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಪೆನ್ನು ಬಿಚ್ಚಿ ಕೂತಿದ್ದರು. ಉಮಾಪತಿಯೂ ಮುನಿರಾಬಾದಿನಿಂದ ಬಂದಿದ್ದ. ಟೈಪಿಸ್ಟ್ ಕುರ್ಚಿ ಬೇರೆಯವರ ಪಾಲಾದ ಮೇಲೆ ಅವನು ಮಗಳ ಕೆಲಸದ ಬಗ್ಗೆ ಒಳ್ಳೆಯದು ಕೆಟ್ಟದ್ದು ಯಾವ ಮಾತನ್ನೂ ಆಡಿರಲಿಲ್ಲ. ಅವತ್ತೂ ಬೇಲಿಯ ಹತ್ತಿರ ಛತ್ರಿ ಹಿಡಿದು ದೂರ ನಿಂತಿದ್ದ. ಶೇಖರಮ್ಮ ಮೊದಲ ಪೆಟ್ಟಿಗೆ ಎತ್ತಿಕೊಂಡು ಹೊರಗೆ ಬಂದಾಗ ಬಾಬಾಸಾಬ ಇಸಿದುಕೊಳ್ಳಲು ಮುಂದಾದ.

"ತಡಿಯೋ," ಎಂದು ಉಮಾಪತಿ ಛತ್ರಿಯನ್ನು ಬೇಲಿಗೆ ಸಿಗಿಸಿ ಬಂದ. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಕಡತ ಎತ್ತಿ ಅಭ್ಯಾಸವಿದ್ದ ಕೈಗಳು ಭಾರಕ್ಕೆ ಸ್ವಲ್ಪ ವಾಲಿದವು. ಒಂದು ಸಲ ಮಗಳ ಕಡೆ ನೋಡಿ, ಪೆಟ್ಟಿಗೆಯನ್ನು ಎದೆಯ ಮಟ್ಟಕ್ಕೆ ಎತ್ತಿ, ಬಾಬಾಸಾಬನಷ್ಟೇ ಗಟ್ಟಿಯಾಗಿ ಕೂಗಲು ಹೋದ. ದನಿ ಒಡೆಯಿತು.

"ಲಾಭಾ..."

ಸಾಹೇಬರು ತಲೆಯೆತ್ತದೆ ಒಂದು ಎಂದು ಬರೆದುಕೊಂಡರು.

ಶೇಖರಮ್ಮ ಎರಡನೆಯ ಪೆಟ್ಟಿಗೆ ತರುವುದನ್ನು ಮರೆತು ಅಪ್ಪನನ್ನೇ ನೋಡುತ್ತ ನಿಂತುಬಿಟ್ಟಳು. ಅವಳ ಕಣ್ಣು ತುಂಬಿದ್ದವು. ನನ್ನವೂ ತುಂಬಿದ್ದವು.

"ಯಾಕ ನಿಂತಿ?" ಎಂದ ಉಮಾಪತಿ. "ಎರಡು ಕೊಡವಾ."